ಓರೆ ಬೆನ್ನಿನ ನಾಣ್ಯ

‘ಒಂದೇ ನಾಣ್ಯದ ಎರಡು ಮುಖಗಳು’ ಎಂದು ಭಾಷಣ ಮಾಡುವವರಿಗೆ ಬರವಿಲ್ಲ. ಆದರೆ ಒಂದು ಮುಖ ನೆಟ್ಟಗೆ ನಿಂತಾಗ ಅದರ ಬೆನ್ನಿಗಿರುವ ಇನ್ನೊಂದು ಮುಖ ನೆಟ್ಟಗಿದೆಯೋ, ತಲೆಕೆಳಗಾಗಿದೆಯೋ, ಮಗ್ಗುಲಾಗಿ ಮಲಗಿದೆಯೋ ಎಂದು ಅವರಲ್ಲಿ ಯಾರೂ ವಿಚಾರಿಸಿದ್ದನ್ನು ಕೇಳಿಲ್ಲ. ವರ್ಷಗಟ್ಟಲೆ ನಾಣ್ಯ ಕೂಡಿಟ್ಟ ನಾನೂ ವಿಚಾರಿಸಿರಲಿಲ್ಲ. ಇಸವಿ ನೋಡುತ್ತಿದ್ದೆ, ಸವೆತ ನೋಡುತ್ತಿದ್ದೆ, ಡಬ್ಬಿಗೆ ಹಾಕುತ್ತಿದ್ದೆ. ಒಂದು ಸಂಜೆ ಕೈಯಲ್ಲಿದ್ದ ನಾಣ್ಯವನ್ನು ಸುಮ್ಮನೆ ತಿರುವಿದರೆ ಹಿಂಬದಿಯ ಅಂಕಿ ಕುಡಿದವನಂತೆ ವಾಲಿತ್ತು. ಮೊದಲು ನನ್ನ ಬೆರಳುಗಳನ್ನೇ ಅನುಮಾನಿಸಿದೆ.

ಅನುಮಾನ ತಪ್ಪೇನಲ್ಲ. ನಾಣ್ಯವನ್ನು ತಿರುವುವುದರಲ್ಲೇ ಎರಡು ಪಂಥಗಳಿವೆ. ಪುಸ್ತಕದ ಹಾಳೆಯಂತೆ ಬಲದಿಂದ ಎಡಕ್ಕೆ ಮಗುಚಿದಾಗ ಹಿಂಬದಿ ನೆಟ್ಟಗೆ ಕಂಡರೆ ಅದು ಪದಕದ ಜೋಡಣೆ. ಕೊರಳಲ್ಲಿ ತೂಗುವ ಪದಕ ಹೊರಳಿಕೊಂಡರೂ ನೆಟ್ಟಗೇ ಇರಬೇಕಲ್ಲ, ಆ ಲೆಕ್ಕ. ಗೋಡೆಯ ಕ್ಯಾಲೆಂಡರಿನ ಹಾಳೆಯಂತೆ ಕೆಳಗಿನಿಂದ ಮೇಲಕ್ಕೆ ಎತ್ತಿ ಮಗುಚಿದಾಗ ನೆಟ್ಟಗೆ ಕಂಡರೆ ಅದು ನಾಣ್ಯದ ಜೋಡಣೆ. ಅಮೆರಿಕದ್ದು ಎರಡನೆಯ ಪಂಥ. ಯೂರೋ ನಾಣ್ಯಗಳದ್ದು ಮೊದಲನೆಯದು. ಬ್ರಿಟನ್ ಕೂಡ 1887ರಿಂದ ಆ ಪಂಥಕ್ಕೇ ಸೇರಿತು. ಇದು ಗೊತ್ತಿಲ್ಲದೆ ಪರದೇಶದ ನಾಣ್ಯವೊಂದನ್ನು ತಿರುವಿ, ತಲೆಕೆಳಗಾದ ಬೆನ್ನನ್ನು ಕಂಡು, ನಿಧಿ ಸಿಕ್ಕಿತೆಂದು ಕುಣಿದವರು ಬೇಕಾದಷ್ಟು ಮಂದಿ. ನಾನೂ ಒಮ್ಮೆ ಅರ್ಧ ಗಂಟೆ ಕುಣಿದಿದ್ದೇನೆ.

ನಿಜವಾದ ದೋಷ ಹುಟ್ಟುವುದು ಟಂಕಸಾಲೆಯಲ್ಲಿ. ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ನಡುವೆ ಉಕ್ಕಿನ ಬಳೆಯೊಳಗೆ ಕುಳಿತ ಲೋಹದ ಬಿಲ್ಲೆ. ಎರಡು ಅಚ್ಚುಗಳೂ ಒಂದಕ್ಕೊಂದು ಸರಿಯಾದ ದಿಕ್ಕಿನಲ್ಲಿ ನಿಲ್ಲುವಂತೆ ಬಿಗಿದಿರುತ್ತಾರೆ. ಆ ಬಿಗಿತ ಸಡಿಲವಾದರೆ, ಅಥವಾ ಕೂರಿಸುವಾಗಲೇ ಕೈತಪ್ಪಿದರೆ, ಒಂದು ಅಚ್ಚು ತನ್ನ ಜಾಗದಲ್ಲೇ ತಿರುಗಿಬಿಡುತ್ತದೆ. ಈಗಿನ ಯಂತ್ರಗಳು ನಿಮಿಷಕ್ಕೆ 750ರವರೆಗೆ ನಾಣ್ಯ ಒತ್ತುತ್ತವೆ. ಕೆಲಸಗಾರ ಸೀನಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಒಂದು ರಾಶಿ ಓರೆ ನಾಣ್ಯಗಳು ಹೊರಬಿದ್ದಿರುತ್ತವೆ. ಸಡಿಲವಾದ ಅಚ್ಚು ಒಂದೇ ಸಲಕ್ಕೆ ತಿರುಗಿ ಸುಮ್ಮನಾಗಬೇಕೆಂದೇನೂ ಇಲ್ಲ. ಏಟು ಬಿದ್ದಂತೆಲ್ಲ ಕೂದಲೆಳೆಯಷ್ಟು ಜರುಗುತ್ತಾ ಹೋಗುವುದೂ ಉಂಟು. ಅಂಥ ಒಂದೇ ಜೋಡಿ ಅಚ್ಚಿನ ನಾಣ್ಯಗಳನ್ನು ಹುಡುಕಿ ಸಾಲಾಗಿ ಇಟ್ಟರೆ ಹಿಂಬದಿಯ ಚಿತ್ರ ಮೆಲ್ಲಗೆ ಉರುಳುವುದನ್ನೇ ನೋಡಬಹುದು.

ಇದರ ಸೊಗಸು ಏನೆಂದರೆ, ತಪ್ಪು ಯಾವ ಮುಖದಲ್ಲೂ ಇಲ್ಲ. ಮುಂಬದಿ ಅಚ್ಚುಕಟ್ಟು, ಹಿಂಬದಿಯೂ ಅಚ್ಚುಕಟ್ಟು. ಎರಡೂ ಬದಿಯ ಫೋಟೊ ತೆಗೆದು ಪಕ್ಕಪಕ್ಕ ಇಟ್ಟರೆ ಜಗತ್ತಿನ ಯಾವ ಪಂಡಿತನೂ ದೋಷ ಹಿಡಿಯಲಾರ, ಏಕೆಂದರೆ ಫೋಟೊ ತೆಗೆಯುವವನು ಎರಡನ್ನೂ ನೆಟ್ಟಗೆ ಮಾಡಿಯೇ ತೆಗೆದಿರುತ್ತಾನೆ!

ಹಾಗಾಗಿ ಹಲಗೆಯ ಮೇಲೆ ಗಡಿಯಾರದ ಮುಖ ಬರೆದುಕೊಂಡೆ. ನಾಣ್ಯವನ್ನು ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿ, ಮುಂಬದಿಯ ನೆತ್ತಿಗೆ ಸರಿಯಾಗಿ ರಟ್ಟಿನ ಎರಡೂ ಬದಿಗೆ ಪೆನ್ಸಿಲಿನಲ್ಲಿ ಗೀಟು ಎಳೆದೆ. (ನಾಣ್ಯದ ಮೇಲೆ ಗೀಚುವವರನ್ನು ನಾನು ಮನೆಯೊಳಗೆ ಸೇರಿಸುವುದಿಲ್ಲ.) ನನ್ನದು ಪದಕದ ಪಂಥದ ನಾಣ್ಯ; ಹಾಗಾಗಿ ಗೀಟನ್ನು ಹನ್ನೆರಡಕ್ಕೆ ಹೊಂದಿಸಿ, ಪುಸ್ತಕದ ಹಾಳೆಯಂತೆ ಮಗುಚಿ, ಹಿಂಬದಿಯ ನೆತ್ತಿ ಎಷ್ಟು ಗಂಟೆ ತೋರಿಸುತ್ತದೆಂದು ನೋಡಿದೆ. ನಾಲ್ಕು! ಗಂಟೆಗೆ 30 ಡಿಗ್ರಿ. ಅಂದರೆ 120 ಡಿಗ್ರಿಯ ಓರೆ. 15 ಡಿಗ್ರಿಯೊಳಗಿನ ಓರೆಯನ್ನು ಸಂಗ್ರಾಹಕರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟು ಸುಳ್ಳನ್ನು ಬೆರಳೇ ಹೇಳುತ್ತದೆ. ನಾಲ್ಕು ಗಂಟೆಯ ಸುಳ್ಳು ಹೇಳಲು ಬೆರಳಿಗೆ ಧೈರ್ಯ ಸಾಲದು.

ಗಂಟೆಯ ಲೆಕ್ಕ ನನ್ನದಲ್ಲ. ಪ್ರಾಚೀನ ನಾಣ್ಯಗಳನ್ನು ಅಭ್ಯಾಸ ಮಾಡುವವರು ಪ್ರತಿ ನಾಣ್ಯದ ತೂಕ, ಅಗಲಗಳ ಜೊತೆಗೆ ಗಂಟೆಯನ್ನೂ ಬರೆದಿಡುತ್ತಾರೆ. ಕೈಯಲ್ಲಿ ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದ ಕಾಲದಲ್ಲಿ ಅನೇಕ ಕಡೆ ಬೆನ್ನು ಯಾವ ದಿಕ್ಕಿಗೆ ಬಿದ್ದರೂ ನಡೆಯುತ್ತಿತ್ತು. ಅದನ್ನು ಯಾರೂ ದೋಷವೆನ್ನಲಿಲ್ಲ. ದೋಷ ಹುಟ್ಟಬೇಕಾದರೆ ಮೊದಲು ನಿಯಮ ಹುಟ್ಟಬೇಕು. ಅಮೆರಿಕದಲ್ಲಿ 1989ರಲ್ಲಿ ಅಲ್ಲಿನ ಸಂಸತ್ತಿನ ದ್ವಿಶತಮಾನದ ನೆನಪಿಗೆ ಬೆಳ್ಳಿಯ ಡಾಲರ್ ಹೊರಬಂತು. ಅದರಲ್ಲಿ ಕೆಲವು 180 ಡಿಗ್ರಿ ತಿರುಗಿಬಿಟ್ಟವು. ಸಂಗ್ರಾಹಕರು ಅವುಗಳಿಗಾಗಿ ಈಗಲೂ ಬಾಯಿ ಬಿಡುತ್ತಾರೆ. ಅಟ್ಲಾಂಟಿಕ್ ದಾಟಿಸಿ ಯೂರೋಗಳ ಪಕ್ಕದಲ್ಲಿಟ್ಟರೆ ಆ ಡಾಲರಿನ ನಿಲುವು ಸರಿಯಾಗಿಯೇ ಇದೆ.

ನನ್ನ ನಾಲ್ಕು ಗಂಟೆಯ ನಾಣ್ಯವನ್ನು ಆಲ್ಬಮ್ಮಿಗೆ ಸೇರಿಸಲು ಹೋದರೆ ಇನ್ನೊಂದು ಪೇಚು. ಯಾವ ಮುಖ ಮೇಲೆ ಮಾಡಿ ಇಟ್ಟರೂ ಅದು ಅಪ್ಪಟ ಸಾಧಾರಣ ನಾಣ್ಯ. ಕಡೆಗೆ ಅದನ್ನು ಸಣ್ಣ ಕನ್ನಡಿಯೊಂದರ ಮುಂದೆ ನೆಟ್ಟಗೆ ನಿಲ್ಲಿಸಿದೆ. ಎದುರಿಗೆ ಮುಂಬದಿ, ಕನ್ನಡಿಯಲ್ಲಿ ಹಿಂಬದಿ. ಅಕ್ಷರಗಳು ತಿರುಗುಮುರುಗಾಗಿ ಕಂಡರೂ ಓರೆ ಎದ್ದು ಕಾಣುತ್ತದೆ. ಮನೆಗೆ ಬಂದವರನ್ನು ಕರೆದು ತೋರಿಸುತ್ತೇನೆ. ಅವರು ಬಗ್ಗಿ, ಕನ್ನಡಿಯಲ್ಲಿ ಮೊದಲು ತಮ್ಮ ಕ್ರಾಪು ಸರಿಮಾಡಿಕೊಂಡು, ಆಮೇಲೆ ‘ಎಲ್ಲಿ?’ ಎನ್ನುತ್ತಾರೆ.