ಎಚ್‌ಎಂಟಿ ವಾಚು, ಹನ್ನೊಂದು ಮೆಣಸಿನಕಾಯಿ

ಆಸ್ಟ್ರೇಲಿಯಾದಲ್ಲೂ ಗಾಡಿ ಓಡಿಸೋದು ಎಡಗಡೆಯೇ, ಸ್ಟಿಯರಿಂಗ್ ಇರೋದು ಬಲಗಡೆಯೇ. ಇಷ್ಟು ಗೊತ್ತಾಗಿದ್ದೇ ತಡ, ನನಗೆ ಎಲ್ಲಿಲ್ಲದ ಧೈರ್ಯ ಬಂತು. ಮೈಸೂರಿನಲ್ಲಿ ಮೂವತ್ತು ವರ್ಷ ಮಾರುತಿ ಓಡಿಸಿದ ಕೈ ಇದು. ದಸರಾ ವಾರದಲ್ಲಿ ದೇವರಾಜ ಮಾರ್ಕೆಟ್ ಮುಂದೆ ಕಾರು ತಿರುಗಿಸಿದವನಿಗೆ ಮೆಲ್ಬರ್ನ್ ಯಾವ ಲೆಕ್ಕ?

ನಾವು ಹೊರಟಿದ್ದು ನಾಲ್ವರು. ನಾನು, ನನ್ನ ಹೆಂಡತಿ, ನಾದಿನಿ, ನಾದಿನಿಯ ಗಂಡ, ಅಂದರೆ ನನ್ನ ಷಡ್ಡಕ. ಅವರ ಮಗಳು ಮೆಲ್ಬರ್ನಿನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ರಜೆ ಸಿಗಲಿಲ್ಲ. "ನೀವೇ ಹೋಗಿಬನ್ನಿ, ಕಾರು ಬುಕ್ ಮಾಡಿಕೊಡ್ತೀನಿ" ಅಂದಳು. ಷಡ್ಡಕರು ತಕ್ಷಣ ಐದು ದಿನದ ಪಟ್ಟಿ ಮಾಡಿ ನಾಲ್ಕು ಪ್ರತಿ ಪ್ರಿಂಟ್ ತೆಗೆಸಿದರು. ಗ್ರೇಟ್ ಓಷನ್ ರೋಡ್, ಅಲ್ಲಿಂದ ಗಡಿ ದಾಟಿ ಸೌತ್ ಆಸ್ಟ್ರೇಲಿಯಾದ ಮೌಂಟ್ ಗ್ಯಾಂಬಿಯರ್, ಹಿಂದಿರುಗುವಾಗ ಗ್ರಾಂಪಿಯನ್ಸ್ ಬೆಟ್ಟ. ಅವರು ನಿವೃತ್ತ ಆಡಿಟರ್. ಕೆಂಪು ಶಾಯಿಯ ಅಡಿಗೆರೆ ಇಲ್ಲದ ಕಾಗದ ಅವರ ಕೈಯಲ್ಲಿ ಇರೋದೇ ಇಲ್ಲ. ಈ ಸಲ ಅಡಿಗೆರೆ ಬಿದ್ದಿದ್ದು 'ಬ್ಲೂ ಲೇಕ್' ಅನ್ನೋ ಹೆಸರಿಗೆ.

ಕಾರು ಯುರೋಪಿನದು. ಇಂಡಿಕೇಟರ್ ಕಡ್ಡಿ ಎಡಗಡೆ, ವೈಪರ್ ಕಡ್ಡಿ ಬಲಗಡೆ. ನನ್ನ ಮಾರುತಿಯಲ್ಲಿ ಉಲ್ಟಾ. ಮೊದಲ ತಿರುವಿನಲ್ಲೇ ಬಿರುಬಿಸಿಲಿನಲ್ಲಿ ವೈಪರ್ ಕರಕರ ಅಂತ ಕುಣಿಯಿತು. "ಮಳೆ ಬಂತಾ?" ಅಂತ ನಾದಿನಿ ಗಾಜು ಏರಿಸಿದಳು. ಎರಡನೇ ತಿರುವಿನಲ್ಲಿ ಮತ್ತೆ. ಮೂರನೆಯದಕ್ಕೆ ಯಾರೂ ಏನೂ ಕೇಳಲಿಲ್ಲ. ಐದು ದಿನವೂ ನಾನು ಹೀಗೆ ಗಾಜು ಒರೆಸಿಕೊಂಡೇ ತಿರುಗಿದೆ.

ಮೆಲ್ಬರ್ನ್ ಪೇಟೆ ನಡುವೆ 'ಹುಕ್ ಟರ್ನ್' ಅಂತ ಒಂದಿದೆ. ರಸ್ತೆ ಮಧ್ಯದಲ್ಲಿ ಟ್ರಾಮ್ ಓಡಾಡುತ್ತೆ. ಅದಕ್ಕೆ ಅಡ್ಡ ನಿಲ್ಲಬಾರದು ಅಂತ, ಕೆಲವು ಸರ್ಕಲ್‌ಗಳಲ್ಲಿ ಬಲಕ್ಕೆ ತಿರುಗುವವರು ಎಡತುದಿಗೆ ಹೋಗಿ ಕಾಯಬೇಕು. ಅಡ್ಡರಸ್ತೆಗೆ ಹಸಿರು ಬಿದ್ದಾಗ ಇಡೀ ರಸ್ತೆ ಸುತ್ತಿ ಬಲಕ್ಕೆ ಹೋಗಬೇಕು. ಷಡ್ಡಕರು ಇದನ್ನು ಹಿಂದಿನ ರಾತ್ರಿಯೇ ಓದಿ, ಊಟದ ಮೇಜಿನ ಮೇಲೆ ಚಮಚ ಲೋಟ ಇಟ್ಟು ನನಗೆ ಪಾಠ ಮಾಡಿದ್ದರು. ನಿಜಕ್ಕೂ ಅದರ ಅಗತ್ಯವೇ ಇರಲಿಲ್ಲ. ಎಡತುದಿಯಿಂದ ಬಲಕ್ಕೆ ತಿರುಗೋದನ್ನು ನಮ್ಮೂರ ಆಟೋದವರು ಯಾರ ಪಾಠವೂ ಇಲ್ಲದೆ ಮಾಡ್ತಾರೆ. ಇಡೀ ಪ್ರವಾಸದಲ್ಲಿ ನಾನು ತಪ್ಪಿಲ್ಲದೆ ಮಾಡಿದ್ದು ಅದೊಂದೇ.

ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, 'ಝೀರೋ ನೋಡಿ ಸಾರ್' ಅನ್ನೋ ದನಿಗೆ ಕಾದೆ. ಐದು ನಿಮಿಷ ಆಯ್ತು. ಹಿಂದೆ ಎರಡು ಕಾರು ಬಂದು ನಿಂತವು. ಹಾರ್ನ್ ಮಾತ್ರ ಮಾಡಲಿಲ್ಲ. ಕೊನೆಗೆ ಪಕ್ಕದ ಪಂಪಿನಲ್ಲಿ ಒಬ್ಬ ಅಜ್ಜಿ ತಾವೇ ಪೈಪ್ ಎತ್ತಿ ತಮ್ಮ ಗಾಡಿಗೆ ಪೆಟ್ರೋಲ್ ಹಾಕಿಕೊಂಡು, ಒಳಗೆ ಹೋಗಿ ದುಡ್ಡು ಕೊಟ್ಟು ಬಂದರು. "ನೋಡಿ ಕಲೀರಿ" ಅಂದಳು ಹೆಂಡತಿ. ಕಲಿತೆ. ಷೂ ಮೇಲೂ ಸ್ವಲ್ಪ ಬಿತ್ತು. ಆ ದಿನವೆಲ್ಲ ಕಾರಿನೊಳಗೆ ಅದೇ ವಾಸನೆ.

ಗ್ರೇಟ್ ಓಷನ್ ರೋಡ್ 243 ಕಿಲೋಮೀಟರ್. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ, ನಡುವೆ ಹಾವಿನಂಥ ರಸ್ತೆ. ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು 1919ರಲ್ಲಿ ಹಾರೆ ಗುದ್ದಲಿ ಹಿಡಿದು ಶುರು ಮಾಡಿ, 1932ರಲ್ಲಿ ಮುಗಿಸಿದ್ದು. ಸತ್ತ ಜೊತೆಗಾರರ ನೆನಪಿಗೆ ಅವರು ಕಟ್ಟಿದ ಸ್ಮಾರಕವೇ ಈ ರಸ್ತೆಯಂತೆ. ದಾರಿಯಲ್ಲಿ ಸಿಗುವ ಮರದ ಕಮಾನಿನ ಕೆಳಗೆ ನಿಂತು ಷಡ್ಡಕರು ಇದನ್ನು ಓದಿ ಹೇಳಿದಾಗ ಹಿಂದಿನ ಸೀಟಿನ ಅಕ್ಕತಂಗಿಯರೂ ಸುಮ್ಮನಾದರು. ಆ ಮೌನ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆಯುವವರೆಗೆ ಇತ್ತು.

ಆ ತಿರುವುಗಳಲ್ಲಿ ನನ್ನ ವೇಗ ನಲವತ್ತೈದು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಒಂಬತ್ತು ಕಾರು. ಯಾರೂ ಹಾರ್ನ್ ಮಾಡ್ತಿಲ್ಲ, ಯಾರೂ ನುಗ್ತಿಲ್ಲ.

"ಎಷ್ಟು ಮರ್ಯಾದಸ್ಥರು ನೋಡಿ ಭಾವ" ಅಂದರು ಷಡ್ಡಕರು.

"ಮದುವೆ ದಿಬ್ಬಣದ ಥರ ಇದೆ" ಅಂದಳು ನಾದಿನಿ.

ನಿಧಾನವಾಗಿ ಹೋಗುವವರು ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡಲಿ ಅಂತಲೇ ಅಲ್ಲಲ್ಲಿ ಜಾಗ ಮಾಡಿ ಬೋರ್ಡ್ ಹಾಕಿದ್ದರು. ಅದು ನಮಗೆ ಹೊಳೆದದ್ದು ಮೂರು ಬೋರ್ಡ್ ದಾಟಿದ ಮೇಲೆ. ವೈಪರ್ ಹಾಕಿಕೊಂಡು ಪಕ್ಕಕ್ಕೆ ಸರಿದೆ. ಒಂಬತ್ತೂ ಕಾರು ಕೈ ಬೀಸಿ ಹೋದವು. ಕೈ ಬೀಸಿದ್ದು ಥ್ಯಾಂಕ್ಸ್ ಹೇಳೋಕ್ಕೋ, ಬೈಯೋಕ್ಕೋ ಅಂತ ಈಗಲೂ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ.

ಕೆನೆಟ್ ರಿವರ್ ಅನ್ನೋ ಪುಟ್ಟ ಊರಿನಲ್ಲಿ ಕೋಲಾ ಹುಡುಕಿದೆವು. ಅದು ಇರೋದು ನೀಲಗಿರಿ ಮರದಲ್ಲಿ, ತಿನ್ನೋದೂ ನೀಲಗಿರಿ ಎಲೆ. ನಮ್ಮ ಕೋಲಾರದ ಕಡೆ ಅಂತರ್ಜಲವೆಲ್ಲ ಹೀರುತ್ತೆ ಅಂತ ಬೈಸಿಕೊಂಡು, 2017ರಲ್ಲಿ ಇನ್ಮುಂದೆ ಇದನ್ನು ನೆಡಲೇಬಾರದು ಅಂತ ಸರ್ಕಾರದಿಂದ ಆದೇಶ ಮಾಡಿಸಿಕೊಂಡ ಅದೇ ನೀಲಗಿರಿ. ಇಲ್ಲಿ ತವರಿನಲ್ಲಿ ಎಷ್ಟು ಚೆನ್ನಾಗಿ ಬದುಕಿಕೊಂಡಿದೆ ಪಾಪ! ನಲವತ್ತು ನಿಮಿಷ ಕತ್ತು ಮೇಲೆತ್ತಿ ಒಂದು ಕೋಲಾ ನೋಡಿದೆವು, ಮೂವತ್ತು ಫೋಟೋ ತೆಗೆದೆವು. ಆಮೇಲೆ ಅಲ್ಲಿಯ ಒಂದು ಮಗು ಬಂದು ಪಕ್ಕದ ಮರ ತೋರಿಸಿತು. ಕೋಲಾ ಅಲ್ಲಿತ್ತು. ನಾವು ನೋಡ್ತಾ ಇದ್ದದ್ದು ಮರದ ಗಂಟು. ದಿನಕ್ಕೆ ಹದಿನೆಂಟು ಇಪ್ಪತ್ತು ಗಂಟೆ ನಿದ್ದೆ ಮಾಡುವ ಪ್ರಾಣಿಗೂ ಗಂಟಿಗೂ ದೂರದಿಂದ ಅಂಥಾ ವ್ಯತ್ಯಾಸವೇನಿಲ್ಲ.

ಮಾರನೇ ದಿನ ಟ್ವೆಲ್ವ್ ಅಪಾಸಲ್ಸ್. ಸಮುದ್ರದೊಳಗೆ ನಿಂತ ಸುಣ್ಣಕಲ್ಲಿನ ಕಂಬಗಳು. ಹೆಸರಿನಲ್ಲಿ ಹನ್ನೆರಡು. ನನ್ನ ಹೆಂಡತಿ ಡಜನ್ ಲೆಕ್ಕದಲ್ಲಿ ಬಾಳೆಹಣ್ಣು ಕೊಂಡು ಅಭ್ಯಾಸವಿರುವವಳು. ಬೆರಳು ಮಡಿಸಿ ಎಣಿಸಿದಳು. ಮತ್ತೆ ಎಣಿಸಿದಳು.

"ರೀ, ಕಮ್ಮಿ ಇದೆ."

ಯಾವತ್ತೂ ಅಲ್ಲಿ ಹನ್ನೆರಡು ಇರಲೇ ಇಲ್ಲವಂತೆ. ಹಿಂದೆ ಈ ಜಾಗಕ್ಕೆ 'ಹಂದಿ ಮತ್ತು ಮರಿಗಳು' ಅಂತ ಹೆಸರಿತ್ತಂತೆ. ಒಂಬತ್ತಿದ್ದದ್ದರಲ್ಲಿ 2005ರ ಜುಲೈನಲ್ಲಿ ಒಂದು ಕುಸಿದು ಬಿತ್ತು. ಅಲ್ಲೇ ಮುಂದೆ ಲಂಡನ್ ಬ್ರಿಡ್ಜ್ ಅನ್ನೋ ಕಲ್ಲಿನ ಸೇತುವೆ 1990ರಲ್ಲಿ ಮುರಿದು ಬಿದ್ದಾಗ ಇಬ್ಬರು ಪ್ರವಾಸಿಗರು ಆಚೆ ತುದಿಯಲ್ಲಿ ಸಿಕ್ಕಿಕೊಂಡು, ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಷಡ್ಡಕರು ಇಷ್ಟು ಹೇಳಿದ್ದೇ ತಪ್ಪಾಯಿತು. ಅಕ್ಕತಂಗಿಯರು ಅಲ್ಲಿಂದಾಚೆ ಯಾವ ಬಂಡೆಯ ಅಂಚಿಗೂ ಬರಲಿಲ್ಲ. ಕಾರಿನ ಪಕ್ಕ ನಿಂತೇ ಸಮುದ್ರ ನೋಡಿದರು.

ಮೂರನೇ ದಿನದ ಕಥೆ ಕಿತ್ತಳೆಯಿಂದ ಶುರು. ದಾರಿ ಬದಿಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕಿತ್ತಳೆ ಚೀಲಗಳು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ. ಮಾರುವವರು ಯಾರೂ ಇಲ್ಲ. ನಾವೇ ಡಬ್ಬಿಗೆ ಹಾಕಿ ಚೀಲ ಎತ್ತಿಕೊಳ್ಳಬೇಕು. ಚೌಕಾಸಿ ಮಾಡೋಕೆ ಎದುರಿಗೆ ಯಾರೂ ಇಲ್ಲ ಅಂತ ಅಕ್ಕತಂಗಿಯರಿಗೆ ಎಷ್ಟು ಬೇಜಾರಾಯ್ತು ಅಂದರೆ, ಅದೇ ಬೇಜಾರಿನಲ್ಲಿ ಮೂರು ಕಿಲೋ ಕೊಂಡರು.

ಗಡಿಯ ಹತ್ತಿರ ಷಡ್ಡಕರು "ನಿಲ್ಲಿಸಿ ನಿಲ್ಲಿಸಿ" ಅಂತ ಕೂಗಿದರು. ದೊಡ್ಡ ಬೋರ್ಡು, ಕೆಳಗೆ ದೊಡ್ಡ ತೊಟ್ಟಿ. ವಿಕ್ಟೋರಿಯಾದಿಂದ ಸೌತ್ ಆಸ್ಟ್ರೇಲಿಯಾಕ್ಕೆ ಹಣ್ಣು ತರಬಾರದು. ಹಣ್ಣಿನ ನೊಣದ ಭಯ. ಅದು ಹಣ್ಣಿನೊಳಗೆ ಮೊಟ್ಟೆ ಇಡುತ್ತೆ, ಒಂದು ಹಣ್ಣಿನಿಂದ ಇಡೀ ಸೀಮೆಯ ತೋಟ ಹಾಳಾಗಬಹುದು. ತೊಟ್ಟಿಗೆ ಹಾಕಿ, ಇಲ್ಲಾ ದಂಡ ಕಟ್ಟಿ.

"ಹಣ್ಣು ಬಿಸಾಕೋದಾ?" ಅಂದಳು ಹೆಂಡತಿ. ಆ ದನಿ ನನಗೆ ಗೊತ್ತು. ಮುಂದಿನ ಮುಕ್ಕಾಲು ಗಂಟೆ ನಾಲ್ಕು ಜನ ತೊಟ್ಟಿಯ ಪಕ್ಕ ಸಾಲಾಗಿ ಕೂತು ಮೂರು ಕಿಲೋ ಕಿತ್ತಳೆ ತಿಂದೆವು. ಜೂನ್ ತಿಂಗಳ ಚಳಿ, ಗಾಳಿ. ಹಲ್ಲು ಜುಮ್ ಅಂತಿದೆ. ಹೋಗುವ ಲಾರಿಯವರು ತಿರುಗಿ ತಿರುಗಿ ನೋಡ್ತಿದ್ದಾರೆ. ಹದಿನಾಲ್ಕನೇ ಹಣ್ಣಿಗೆ ಷಡ್ಡಕರು "ಇನ್ನು ಆಗಲ್ಲ ಅಕ್ಕ" ಅಂತ ಕೈಮುಗಿದರು. ಸಿಪ್ಪೆಯನ್ನು ತೊಟ್ಟಿಗೆ ಹಾಕಿದೆವು. ಸಿಪ್ಪೆ ಗೊಜ್ಜು ಮಾಡಬಹುದಿತ್ತು ಅಂತ ನಾದಿನಿ ಅದಕ್ಕೂ ನಿಟ್ಟುಸಿರು ಬಿಟ್ಟಳು.

ಅಷ್ಟಕ್ಕೇ ಮುಗೀಲಿಲ್ಲ. ಪಟ್ಟಿಯಲ್ಲಿ ಮೆಣಸಿನಕಾಯಿಯೂ ಇತ್ತು. ಬೇಯಿಸಿದ್ದು, ಒಣಗಿಸಿದ್ದು ಪರವಾಗಿಲ್ಲ, ಹಸಿಯದು ಕೂಡದು. ಮೆಲ್ಬರ್ನಿನ ಇಂಡಿಯನ್ ಅಂಗಡಿಯಲ್ಲಿ ತಂದ ಹಸಿಮೆಣಸಿನಕಾಯಿ ಹೆಂಡತಿಯ ಚೀಲದಲ್ಲಿತ್ತು. ಅಲ್ಲಿನ ರೇಟಿಗೆ ಅವಳು ಅದನ್ನು ಚಿನ್ನದ ಥರ ಎಣಿಸಿಟ್ಟಿದ್ದಳು. ಒಂದೊಂದೇ ತೊಟ್ಟಿಗೆ ಹಾಕಿದಳು. ಕೊನೆಗೆ ತಿರುಗಿ ನಿಂತಳು.

"ಹತ್ತೇ ಇದೆ. ಹನ್ನೊಂದಿತ್ತು."

ಷಡ್ಡಕರ ಮುಖ ಬಿಳುಚಿತು. ಡಿಕ್ಕಿ ತೆಗೆಸಿದರು, ಸೂಟ್‌ಕೇಸ್ ಬಿಚ್ಚಿಸಿದರು, ಸೀಟಿನ ಕೆಳಗೆ ಟಾರ್ಚ್ ಬಿಟ್ಟರು. ಸಿಗಲಿಲ್ಲ. "ಎಣಿಸೋವಾಗ ತಪ್ಪಿರಬೇಕು ಅಕ್ಕ" ಅಂದರು. ಲೆಕ್ಕ ತಪ್ಪಿದೆ ಅಂತ ಆಡಿಟರ್ ಬಾಯಲ್ಲಿ ಕೇಳಿಸಿಕೊಂಡ ಅಕ್ಕ ಮೌಂಟ್ ಗ್ಯಾಂಬಿಯರ್ ಬರುವ ತನಕ ಮಾತಾಡಲಿಲ್ಲ.

ಊರು ಸೇರುವಾಗ ಕತ್ತಲಾಗಿತ್ತು. ಮೋಟೆಲ್ಲಿನ ಹೆಂಗಸು ಕೀ ಕೊಟ್ಟು, "ಪಕ್ಕದ ಪಬ್ಬಿನಲ್ಲಿ ಊಟ ಸಿಗುತ್ತೆ, ಎಂಟಕ್ಕೆ ಅಡುಗೆಮನೆ ಬಂದ್" ಅಂದರು. ಹೊಟ್ಟೆ ತುಂಬ ಕಿತ್ತಳೆ. ಸ್ವಲ್ಪ ಅಡ್ಡಾದೆವು. ಎದ್ದು ನನ್ನ ಎಚ್‌ಎಂಟಿ ನೋಡಿದರೆ ಎಂಟು ಹತ್ತು!

ಈ ವಾಚಿನ ಬಗ್ಗೆ ಒಂದು ಮಾತು. 1986ರಲ್ಲಿ ಮದುವೆಗೆ ನಮ್ಮ ಮಾವನವರು ಕೊಟ್ಟಿದ್ದು, ಬೆಂಗಳೂರಿನ ಕಾರ್ಖಾನೆಯದು. ದಿನಾ ಬೆಳಿಗ್ಗೆ ಕೀ ಕೊಡಬೇಕು. ಕೊಟ್ಟರೆ ಸುಳ್ಳು ಹೇಳಲ್ಲ.

"ನನ್ನ ಫೋನಿನಲ್ಲಿ ಏಳು ನಲವತ್ತು ಇದೆ ಭಾವ" ಅಂದರು ಷಡ್ಡಕರು.

ಆ ಫೋನು ಎರಡು ದಿನದಿಂದ ಕಾಡಿನಲ್ಲಿ ಸಿಗ್ನಲ್ ಕಳಕೊಂಡು, ನಾಲ್ಕು ಸಲ ಆಫ್ ಆಗಿ ಆನ್ ಆಗಿತ್ತು. ಅದರ ಮಾತು ಯಾರು ನಂಬ್ತಾರೆ? ಹೊರಗೆ ಹೋಗಿ ಕಾರಿನ ಗಡಿಯಾರ ನೋಡಿಬಂದೆ. ಎಂಟು ಹನ್ನೊಂದು. ಎರಡಕ್ಕೆ ಒಂದು ಓಟು. ಫೋನು ಸೋತಿತು. ಬ್ರೆಡ್ಡಿಗೆ ಚಟ್ನಿಪುಡಿ, ಮೇಲೆ ಒಂದು ತೊಟ್ಟು ಎಣ್ಣೆ. ಅದೇ ಊಟ. ಪಬ್ಬಿನ ಕಡೆಯಿಂದ ಆಲೂಗಡ್ಡೆ ಕರಿಯುವ ಘಮ ಯಾಕಿನ್ನೂ ಬರ್ತಿದೆ ಅಂತ ಮಾತ್ರ ಗೊತ್ತಾಗಲಿಲ್ಲ.

ಬೆಳಿಗ್ಗೆ ಏಳಕ್ಕೆ ತಿಂಡಿ ಅಂದಿದ್ದರು. ಹಸಿದಿದ್ದೆವು, ಏಳಕ್ಕೆ ಸರಿಯಾಗಿ ಬಾಗಿಲ ಮುಂದೆ ನಿಂತೆವು. ಗವ್ವೆನ್ನುವ ಕತ್ತಲು, ಬಾಯಿ ತೆಗೆದರೆ ಹೊಗೆ. ಅರ್ಧ ಗಂಟೆ ಕಾಲು ಕುಟ್ಟುತ್ತಾ ನಿಂತ ಮೇಲೆ ಆ ಹೆಂಗಸು ಬಂದು ಬಾಗಿಲು ತೆಗೆದು, "ಇಷ್ಟು ಬೇಗ!" ಅಂದರು. ಒಳಗೆ ಗೋಡೆ ಗಡಿಯಾರದಲ್ಲಿ ಏಳು.

ವಿಕ್ಟೋರಿಯಾಕ್ಕಿಂತ ಸೌತ್ ಆಸ್ಟ್ರೇಲಿಯಾ ಅರ್ಧ ಗಂಟೆ ಹಿಂದೆ. ಗಡಿ ದಾಟಿದ ಕೂಡಲೇ ಗಡಿಯಾರ ಹಿಂದಕ್ಕೆ ತಿರುಗಿಸಬೇಕಿತ್ತು. ರಾತ್ರಿ ಪಬ್ಬು ತೆರೆದೇ ಇತ್ತು, ಇನ್ನೂ ಇಪ್ಪತ್ತು ನಿಮಿಷ. ಒಂದೇ ದೇಶದೊಳಗೆ ಹೀಗಾ ಅಂತ ಗೊಣಗಿದೆ. ಷಡ್ಡಕರು ಏನೂ ಅನ್ನಲಿಲ್ಲ. ಫೋನನ್ನು ಮೇಜಿನ ಮೇಲೆ, ನನ್ನ ತಟ್ಟೆಯ ಪಕ್ಕ, ಗಂಟೆ ಕಾಣುವ ಹಾಗೆ ಇಟ್ಟರು. ನಾನು ಪ್ರಾಯಶ್ಚಿತ್ತವೆಂಬಂತೆ ಎಚ್‌ಎಂಟಿಯನ್ನೂ ಕಾರಿನ ಗಡಿಯಾರವನ್ನೂ ಅಲ್ಲಿನ ಟೈಮಿಗೆ ತಿರುಗಿಸಿದೆ.

ಆಮೇಲೆ ಬ್ಲೂ ಲೇಕ್. ಆರಿದ ಜ್ವಾಲಾಮುಖಿಯ ಬಾಯಲ್ಲಿ ನಿಂತ ಕೆರೆ. ಇಡೀ ಊರಿಗೆ ಕುಡಿಯುವ ನೀರು ಅದರದ್ದೇ. ಷಡ್ಡಕರ ಕೈಯಲ್ಲಿದ್ದ ಫೋಟೋದಲ್ಲಿ ನೀರು ರಾಬಿನ್ ನೀಲಿ ಕದಡಿದ ಬಕೆಟ್ಟಿನ ಹಾಗಿತ್ತು. ಎದುರಿಗಿದ್ದ ನೀರು ಪಾತ್ರೆ ತೊಳೆದ ಮೇಲಿನ ಬಣ್ಣ. ನಾಯಿ ಹಿಡಿದು ವಾಕಿಂಗ್ ಬಂದಿದ್ದ ಒಬ್ಬ ತಾತ ಫೋಟೋ ನೋಡಿ ನಕ್ಕರು. ಬೇಸಿಗೆಯಲ್ಲಿ ಮಾತ್ರ ಅದು ನೀಲಿಯಂತೆ. ಚಳಿಗಾಲದಲ್ಲಿ ಬೂದು. "ನವೆಂಬರ್‌ನಲ್ಲಿ ಬನ್ನಿ" ಅಂದರು, ನಾವೇನೋ ಪಕ್ಕದ ಬೀದಿಯವರು ಅನ್ನೋ ಹಾಗೆ. ಷಡ್ಡಕರು ತಮ್ಮ ಪಟ್ಟಿ ತೆಗೆದು, ಅಡಿಗೆರೆಯ ಮೇಲೆ ಇನ್ನೊಂದು ಗೆರೆ ಎಳೆದರು. ಈಗ ನನ್ನ ಸರದಿ. ಆದರೆ ಅವರ ಮುಖ ನೋಡಿ ನಾನೂ ಏನೂ ಅನ್ನಲಿಲ್ಲ.

ಅಲ್ಲಿಂದ ಮತ್ತೆ ವಿಕ್ಟೋರಿಯಾಕ್ಕೆ, ಗ್ರಾಂಪಿಯನ್ಸ್ ಬುಡದ ಹಾಲ್ಸ್ ಗ್ಯಾಪ್‌ಗೆ. ಸಂಜೆ ಊರೊಳಗಿನ ಹುಲ್ಲಿನಲ್ಲಿ ಕಾಂಗರೂಗಳು ನಮ್ಮೂರ ಹಸುಗಳ ಹಾಗೆ ಮೇಯ್ತಾ ಇದ್ದವು. ಅದನ್ನು ನೋಡ್ತಾ ನಿಂತೆವು, ಸ್ನಾನ ಮಾಡಿದೆವು, ಮಾತಾಡಿದೆವು. ಈ ಸಲ ನಾನು ಎಚ್ಚರವಾಗಿದ್ದೆ. ಊಟದ ಜಾಗ ಎಂಟಕ್ಕೆ ಬಂದ್ ಅಂತ ಮೊದಲೇ ಕೇಳಿಕೊಂಡಿದ್ದೆ. ಎಚ್‌ಎಂಟಿಯಲ್ಲಿ ಏಳು ನಲವತ್ತಕ್ಕೆ ಎಲ್ಲರನ್ನೂ ಎಬ್ಬಿಸಿ ಕರೆದುಕೊಂಡು ಹೋದೆ. ಒಳಗೆ ಒಬ್ಬ ಹುಡುಗ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕ್ತಾ ಇದ್ದ.

ಗಡಿ ದಾಟಿದಾಗ ಕೊಟ್ಟ ಅರ್ಧ ಗಂಟೆಯನ್ನು ವಾಪಸ್ ಕಿತ್ತುಕೊಂಡಿದ್ದರು.

"ನಿಮಗೆ ಗೊತ್ತಿತ್ತಲ್ವಾ?" ಅಂತ ಷಡ್ಡಕರನ್ನು ಕೇಳಿದೆ.

"ಗೊತ್ತಿತ್ತು ಭಾವ. ಫೋನಿನ ಮಾತು ನೀವು ನಂಬಲ್ವಲ್ಲ."

ಮತ್ತೆ ಬ್ರೆಡ್ಡು. ಚಟ್ನಿಪುಡಿ ಡಬ್ಬಿ ಕಾರಿನಲ್ಲೇ ಉಳಿದಿತ್ತು. ನಾದಿನಿ ಹುಡುಕಲು ಹೋದವಳು ಡಬ್ಬಿಯ ಜೊತೆ ಮುಷ್ಟಿ ಕಟ್ಟಿಕೊಂಡು ಬಂದಳು. ಮಡಿಸಿಟ್ಟ ಶಾಲಿನೊಳಗೆ ಸಿಕ್ಕಿತಂತೆ. ಸ್ವಲ್ಪ ಬಾಡಿತ್ತು. ಬಣ್ಣ ಇನ್ನೂ ಹಸಿರಾಗಿಯೇ ಇತ್ತು.

"ಹನ್ನೊಂದು" ಅಂದಳು ಹೆಂಡತಿ, ಷಡ್ಡಕರ ಕಡೆಯೇ ನೋಡುತ್ತಾ.

ಷಡ್ಡಕರು ಎದ್ದು ಕಿಟಕಿಯ ಪರದೆ ಎಳೆದರು. "ಗಡಿ ದಾಟಿ ಹೋಗಿ, ಗಡಿ ದಾಟಿ ವಾಪಸ್ ಬಂದಿದೆ ಇದು. ಮೊದಲು ಮುಗಿಸಿಬಿಡಿ ಅಕ್ಕ" ಅಂದರು. ಚಾಕುವಿನಿಂದ ನಾಲ್ಕು ಸಮ ಭಾಗ ಮಾಡಿದ್ದೂ ಅವರೇ. ತಲಾ ಒಂದೊಂದು ಚೂರು, ಬ್ರೆಡ್ಡಿನ ಜೊತೆ. ಮೂರು ದಿನ ಸಪ್ಪೆ ತಿಂದ ನಾಲಿಗೆಗೆ ಖಾರ ತಾಗಿದ್ದೇ ಎಲ್ಲರ ಕಣ್ಣಲ್ಲೂ ನೀರು. ಉಳಿದ ತೊಟ್ಟನ್ನು ಅವರು ಕಸದ ಬುಟ್ಟಿಗೆ ಹಾಕಲಿಲ್ಲ. ಬ್ಲೂ ಲೇಕಿನ ಫೋಟೋದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡರು.