ಕೋವಿ ಸದ್ದಿಗೆ ಮುದಿ ನಾಯಿ ಒಗ್ಗುವುದಿಲ್ಲ

"ತೋಟದ ನಾಯಿಗೆ ಕೋವಿ ಸದ್ದು ಅಭ್ಯಾಸ, ವಯಸ್ಸಾದ ಮೇಲೆ ಕಿವಿಯೂ ಮಂದ, ಹಾಗಾಗಿ ತೊಂದರೆಯಿಲ್ಲ" ಎಂದು ಲೇಖನವೊಂದರಲ್ಲಿ ಬರೆದಿದ್ದ ಮಾತನ್ನು ಒಪ್ಪಲಾರೆ. ಮುದಿ ನಾಯಿಗೆ ಸಾಮಾನ್ಯವಾಗಿ ಮೊದಲು ಕೇಳದಾಗುವುದು ಕೀರಲು ಸದ್ದುಗಳು; ಕೋವಿಯಂಥ ದಪ್ಪ ಸದ್ದು ಕೇಳುತ್ತಲೇ ಇರುತ್ತದೆ. 12 ಬೋರ್ ಕೋವಿಯ ಸದ್ದು ಹತ್ತಿರದಲ್ಲಿ 150 ಡೆಸಿಬೆಲ್ ದಾಟುವುದೂ ಉಂಟು, ಎದೆಗೇ ಬಡಿಯುತ್ತದೆ. ಕೀಲುನೋವಿನ ನಾಯಿ ಬೆಚ್ಚಿ ಮೈ ಬಿಗಿಹಿಡಿದರೆ ನೋವೂ ಹೆಚ್ಚು, ಭಯವೂ ಹೆಚ್ಚು.

ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ, ಯಾರೋ ಬಿಟ್ಟುಹೋದ ನಾಯಿಗಳನ್ನು ಬೇರೆ ಮನೆ ಸಿಗುವ ತನಕ ಸಾಕುತ್ತೇವೆ. ಈಗಿರುವ ಮುದಿ ಹೆಣ್ಣುನಾಯಿ, ಕಾಡುಹಂದಿ ಓಡಿಸಲು ಕೋವಿ ಇಟ್ಟಿದ್ದ ತೋಟದಲ್ಲೇ ಬೆಳೆದವಳು. ಆದರೂ ಪಕ್ಕದ ತೋಟಕ್ಕೆ ನೆಂಟರು ಬಂದು ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯಲು ಶುರುಮಾಡಿದರೆ ಸಾಕು, ಬಚ್ಚಲೊಲೆಯ ಬೂದಿಗೆ ನುಗ್ಗಿ, ಬಾಲ ಹೊಟ್ಟೆಗೆ ಸಿಕ್ಕಿಸಿಕೊಂಡು, ಮುದುರಿದಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾಳೆ. ಮಾರನೇ ದಿನ ಮೀನುಸಾರು ಕಲಸಿದ ಅನ್ನವನ್ನೂ ಮೂಸುವುದಿಲ್ಲ. ಇದನ್ನು ಅಭ್ಯಾಸ ಎನ್ನುತ್ತಾರೆಯೇ?

ಹಂದಿ ಬೆದರಿಸಲು ಹಾರಿಸುವ ಒಂದು ಗುಂಡಿಗೆ ನನ್ನ ತಕರಾರಿಲ್ಲ, ಫಸಲು ಕಳೆದುಕೊಂಡವರ ಸಂಕಟ ಗೊತ್ತು. ಮೋಜಿಗೆ ಹೊಡೆಯುವವರು ಹಿಂದಿನ ದಿನವೇ ಅಕ್ಕಪಕ್ಕದವರಿಗೆ ಫೋನ್ ಮಾಡಲಿ. ನಾಯಿಯನ್ನು ಒಳಕೋಣೆಯಲ್ಲಿ ಕೂಡಿ, ರೇಡಿಯೋ ಹಾಕಿ, ಜೊತೆಗೆ ಕೂರುವಷ್ಟು ಸಮಯವಾದರೂ ನಮಗೆ ಸಿಗುತ್ತದೆ.