ಎಐಗೆ ಅಂಗಡಿಯ ಪಾಸ್‌ವರ್ಡ್ ಕೊಡಬೇಕಿಲ್ಲ

ಕೊಡಗಿನಿಂದ ಆನ್‌ಲೈನ್‌ನಲ್ಲಿ ಕಾಫಿಪುಡಿ, ಕರಿಮೆಣಸು, ಕಾಚಂಪುಳಿ ಮಾರುವವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಎಐಗೆ ಅಂಗಡಿ ಜೋಡಿಸಿದರೆ ಅಡ್ಮಿನ್ ಪಾಸ್‌ವರ್ಡೇ ಅದರ ಕೈಗೆ ಹೋಗುತ್ತದಂತೆ. ತಪ್ಪು. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ತಂದ ಎಂಸಿಪಿ (ಎಐಯನ್ನು ಬೇರೆ ಆ್ಯಪ್, ಸೇವೆಗಳಿಗೆ ಜೋಡಿಸುವ ವಿಧಾನ) ಮೂಲಕ ಆನ್‌ಲೈನ್ ಅಂಗಡಿ ಜೋಡಿಸುವಾಗ ಸಾಮಾನ್ಯವಾಗಿ ಓಆತ್ ಎಂಬ, ಪಾಸ್‌ವರ್ಡ್ ಹಂಚದೆ ಅನುಮತಿ ಕೊಡುವ ವ್ಯವಸ್ಥೆ ಬಳಸುತ್ತಾರೆ. ಅಂದರೆ ನೀವು ಲಾಗಿನ್ ಆಗುವುದು ನಿಮ್ಮ ಅಂಗಡಿಯ ಪುಟದಲ್ಲೇ, ಎಐ ಕಡೆಗೆ ಹೋಗುವುದು ಒಂದು ಟೋಕನ್ (ಅನುಮತಿ ಚೀಟಿಯಂಥ ಕೋಡ್) ಮಾತ್ರ, ಅದೂ ನೀವು ಒಪ್ಪಿದಷ್ಟು ಕೆಲಸಕ್ಕೆ. ಸ್ಟಾಕ್ ಓದಲು ಮಾತ್ರ ಅನುಮತಿ ಇದ್ದರೆ ಬೆಲೆ ಬದಲಿಸಲು ಆಗದು. ಬೇಡವೆನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ರದ್ದು ಮಾಡಿ.

ಹಾಗಂತ ಭಯ ಪೂರ್ತಿ ಸುಳ್ಳೇನಲ್ಲ. ಎಐ ಓದಿದ ಗ್ರಾಹಕರ ಹೆಸರು, ವಿಳಾಸ ಆ ಎಐ ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಅಲ್ವಾ? ಆ ಅನುಮತಿ ಸುಮ್ನೆ ಕೊಡಬೇಡಿ. ಪಾಸ್‌ವರ್ಡ್‌ನಂತೆಯೇ ಕೆಲಸ ಮಾಡುವ ಗುಟ್ಟಿನ ಕೋಡ್ ಆದ ಎಪಿಐ ಕೀಯನ್ನು ಚಾಟ್‌ನಲ್ಲಿ ಅಂಟಿಸುವುದಂತೂ (ಹಾಗೆ ಮಾಡುವವರೂ ಇದ್ದಾರೆ!) ಬೇಡವೇ ಬೇಡ.